ಯಾವ ತೋಟಾ, ಯಾವ ಗುಂಡು?

ಕಾಚಿಗೂಡದ ನಮ್ಮ ಓದುಕೂಟದಲ್ಲಿ ಈಚೆಗೆ ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಚರ್ಚೆಗೆ ಬಂದಿತ್ತು. ಸಭೆ ಎಂದಿನಂತೆ ಎರಡಾಯಿತು. ಬೇಟೆಯ ಬರವಣಿಗೆಯನ್ನು ಇಂದು ಮೆಚ್ಚಿ ಓದುವುದೇ ತಪ್ಪೆಂದು ಕೆಲವರು. ಅದು ಕಾಡನ್ನು ಬಲ್ಲವರ ಬರಹ, ಅದನ್ನು ಕಳೆದುಕೊಳ್ಳಲಾಗದೆಂದು ಉಳಿದವರು. ಮಕ್ತಲ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರೊಬ್ಬರು ಕೊನೆಯಲ್ಲಿ ಎದ್ದು ನಿಂತರು. ಅವರ ಊರಿನ ಹೊಲಗಳಿಗೆ ಚಿಗರಿಗಳ ಹಿಂಡು ಇಳಿಯುತ್ತದೆ. “ಹೊಡಿಬೇಕೋ ಬ್ಯಾಡೋ ಅಂತ ಅರ್ಧ ತಾಸು ಮಾತಾಡಿದ್ರಿ. ಯಾತರಲೆ ಹೊಡಿಬೇಕು ಅಂತ ಒಬ್ರೂ ಕೇಳಲಿಲ್ಲಲ್ರೀ” ಎಂದರು. ನಕ್ಕೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ.

ಕೋವಿ ಹಿಡಿದವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ವಿಷಯ ತಿಳಿಯಲಾರದಷ್ಟು ಜಟಿಲವೇನಲ್ಲ. ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ಮೂತಿಯಲ್ಲಿ ಕೂತ ಗುಂಡು. ಗುಂಡಿಗೆ ಪೂರ್ತಿ ಲೋಹದ ಕವಚ ತೊಡಿಸಿದ್ದರೆ ಅದು ಜಿಂಕೆಯ ಮೈಯಲ್ಲಿ ಸಣ್ಣ ತೂತು ಮಾಡಿ ಆಚೆಗೆ ಹೊರಟುಹೋಗಬಹುದು. ಪ್ರಾಣಿ ಓಡುತ್ತದೆ, ಪೊದೆಯೊಳಗೆ ಬಿದ್ದು ಬಹಳ ಹೊತ್ತಿನ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ, ಸಾಯುತ್ತದೆ. ಮೂತಿಯಲ್ಲಿ ಸೀಸ ತೆರೆದಿರುವ ‘ಸಾಫ್ಟ್ ನೋಸ್’ ಗುಂಡು ಒಳಹೊಕ್ಕೊಡನೆ ಅಣಬೆಯಂತೆ ಅರಳಿ ಶ್ವಾಸಕೋಶವನ್ನೋ ಹೃದಯವನ್ನೋ ಒಮ್ಮೆಲೇ ಹರಿಯುತ್ತದೆ. ಗುಂಡು ತೀರ ಹಗುರವಾಗಿ, ವೇಗ ತೀರ ಹೆಚ್ಚಾದರೆ ಹೆಗಲ ಮೂಳೆಯ ಮೇಲೆಯೇ ಪುಡಿಯಾಗುತ್ತದೆ. ಇನ್ನು ನಮ್ಮ ಹಳ್ಳಿಗಳ ಕೇಪಿನ ಕೋವಿ, ಹನ್ನೆರಡರ ತೋಟಾಕೋವಿಗಳಲ್ಲಿ ತುಂಬುವ ಚರೆಯ ಕತೆ ಎಲ್ಲಕ್ಕಿಂತ ಕರುಣಾಜನಕ. ನಲವತ್ತು ಗಜ ದಾಟಿತೆಂದರೆ ಚರೆ ಚದುರುತ್ತದೆ. ಒಂದು ಹೊಟ್ಟೆಗೆ, ಒಂದು ತೊಡೆಗೆ, ಒಂದು ದವಡೆಗೆ. ದವಡೆ ಮುರಿದ ಕಡವೆ ಮೇಯಲಾರದೆ ಸಾಯುವುದನ್ನು ಯಾವ ಶಿಕಾರಿಕತೆಯೂ ಹೆಮ್ಮೆಯಿಂದ ಹೇಳಿಕೊಳ್ಳಲಾರದು.

ಈ ಅರಳುವ ಗುಂಡಿಗೆ ನಮ್ಮ ದೇಶದ್ದೇ ಒಂದು ಹೆಸರಿದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷ್ ಸೈನ್ಯ ಅಂಥದ್ದನ್ನು ತಯಾರಿಸಿತು; ‘ದಮ್‌ದಮ್ ಗುಂಡು’ ಎಂಬ ಮಾತು ಲೋಕವೆಲ್ಲ ಹಬ್ಬಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಅದೇ ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ, ಜಿಂಕೆಗೆ ರೈಫಲ್ ಎತ್ತುವವನು ಅರಳುವ ಗುಂಡನ್ನಲ್ಲದೆ ಬೇರೆಯದನ್ನು ಬಳಸಕೂಡದೆನ್ನುತ್ತದೆ. ರೈಫಲ್ಲಿನ ಅಳತೆ 0.240 ಅಂಗುಲಕ್ಕೆ, ನಳಿಗೆಯ ತುದಿಯಲ್ಲಿ ಗುಂಡಿನ ಶಕ್ತಿ 1,700 ಅಡಿ-ಪೌಂಡಿಗೆ ಕಡಿಮೆ ಇರಬಾರದೆಂದೂ ವಿಧಿಸಿತು. ಮನುಷ್ಯನ ಮೇಲೆ ಕ್ರೂರವೆನಿಸಿದ್ದು ಜಿಂಕೆಗೆ ದಯೆಯೆನಿಸಿತು! ವಿಪರ್ಯಾಸವೆಂದು ಮೊದಲು ತೋರಿದರೂ ಕಾರಣ ಸ್ಪಷ್ಟ. ಸೈನಿಕ ಗಾಯಗೊಂಡು ಆಸ್ಪತ್ರೆ ಸೇರಿದರೆ ಯುದ್ಧದ ಉದ್ದೇಶ ಮುಗಿಯಿತು. ಗಾಯಗೊಂಡ ಜಿಂಕೆಗೆ ಆಸ್ಪತ್ರೆಯಿಲ್ಲ.

ನಮ್ಮ ಕಾಯ್ದೆಯೂ ಒಮ್ಮೆ ಈ ದಿಕ್ಕಿನಲ್ಲಿ ಯೋಚಿಸಿತ್ತೆಂಬುದನ್ನು ಮರೆತಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಜಾರಿಗೆ ಬಂದಾಗ ಬೇಟೆಗೆ ಪರವಾನಗಿಯಿತ್ತು. ಚುಕ್ಕೆಜಿಂಕೆ, ಕಡವೆ, ಕಾಡುಹಂದಿಗಳು ‘ದೊಡ್ಡ ಬೇಟೆ’ಯ ಪಟ್ಟಿಯಲ್ಲಿದ್ದವು. ಅವನ್ನು ರೈಫಲ್ಲಿನಿಂದಲೇ ಹೊಡೆಯಬೇಕು. ವಿಶೇಷ ಅನುಮತಿಯಿದ್ದರೆ ಮಾತ್ರ ತೋಟಾಕೋವಿ, ಅದೂ ಒಂಟಿಗುಂಡಿನದು ಎಂದು 17ನೆಯ ಕಲಮು ಹೇಳುತ್ತಿತ್ತು. ಎಂದರೆ ಚರೆ ಕೂಡದು. 1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಆ ಕಲಮೂ ಜೊತೆಗೆ ಹೋಯಿತು. ಬೇಟೆಯೇ ಇಲ್ಲವೆಂದ ಮೇಲೆ ತೋಟಾದ ನಿಯಮವೇಕೆ? ತರ್ಕ ಸರಿಯಾಗಿಯೇ ಇತ್ತು.

ಆದರೆ ಕೊಲ್ಲುವುದು ನಿಲ್ಲಲಿಲ್ಲ, ಹೆಸರು ಬದಲಾಯಿತು. 2016ರಲ್ಲಿ ಬಿಹಾರದ ಮೋಕಾಮಾದಲ್ಲಿ ಬೆಳೆನಾಶದ ಕಾರಣಕ್ಕೆ 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಹೊಡೆದರು. ಗುಂಡು ಹಾರಿಸಿದವರು ನಮ್ಮ ಈ ಹೈದರಾಬಾದಿನಿಂದಲೇ ಹೋದವರು. ಅಂದು ಕೇಂದ್ರದ ಇಬ್ಬರು ಮಂತ್ರಿಗಳು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿ ವಾದಕ್ಕಿಳಿದರು. ವಾದ ಹೊಡೆಯಬೇಕೋ ಬಾರದೋ ಎಂಬುದರ ಮೇಲೆಯೇ. 2022ರಲ್ಲಿ ಕೇರಳ ಕಾಡುಹಂದಿ ಕೊಲ್ಲಲು ಅನುಮತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಕಾಸರಗೋಡಿನ ನಮ್ಮ ಕನ್ನಡ ಅಡಿಕೆ ಕೃಷಿಕರಿಗೂ ಅದು ಅನ್ವಯ. ವಿಷ, ಸ್ಫೋಟಕ, ವಿದ್ಯುತ್ತು ಕೂಡದೆಂದದ್ದು ಒಳ್ಳೆಯದೇ. ಅಷ್ಟಕ್ಕೆ ಸಾಲದು.

ಮಹಾಭಾರತದ ಕಿಂದಮ ಋಷಿಯ ಪ್ರಸಂಗ ಸಭೆಯಲ್ಲಿ ನೆನಪಾಗಬೇಕಿತ್ತು, ಆಗಲಿಲ್ಲ. ಜಿಂಕೆಯ ರೂಪದಲ್ಲಿ ಸಂಗಾತಿಯೊಡನಿದ್ದ ಅವನನ್ನು ಪಾಂಡು ಬಾಣದಿಂದ ಹೊಡೆಯುತ್ತಾನೆ. ಅರಸರಿಗೆ ಮೃಗಯೆ ಧರ್ಮವೆಂದು ಪಾಂಡು ಸಮರ್ಥಿಸಿಕೊಂಡಾಗ ಕಿಂದಮನ ಉತ್ತರ ವಿಚಿತ್ರವಾದದ್ದು: ಮೃಗವನ್ನು ಕೊಂದದ್ದಕ್ಕಾಗಿ ನಿನ್ನನ್ನು ದೂರುತ್ತಿಲ್ಲ, ಕೂಡುವ ಹೊತ್ತು ಮುಗಿಯುವವರೆಗೆ ಕಾಯಬಾರದಿತ್ತೇ ಎನ್ನುತ್ತಾನೆ. ಶಾಪ ಕೊಲೆಗಲ್ಲ, ಕೊಂದ ಬಗೆಗೆ.

ಗುಂಡಿನ ಆಯ್ಕೆಯನ್ನು ಚರ್ಚಿಸುವುದೇ ಕೊಲ್ಲುವುದಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ನಮ್ಮ ಗೆಳತಿಯೊಬ್ಬರು ಆಕ್ಷೇಪಿಸಿದ್ದಾರೆ. ಅವರ ಅಳುಕು ನಮಗೂ ಇದೆ. ಚಿಗರಿಯ ಮಟ್ಟಿಗೆ ಅವರೇ ಸರಿ: ಅದು ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ, ಬೆಳೆ ತಿಂದಿತೆಂದು ಹೊಡೆಯುವಂತಿಲ್ಲ, ಹೊಡೆಯಲೂ ಬಾರದು. ಮಕ್ತಲ್ಲಿನ ಹಿರಿಯರಿಗೆ ಬೇಕಾದದ್ದು ಬೇಲಿ, ಪರಿಹಾರ. ಆದರೆ ಸರ್ಕಾರ ತಾನೇ ಸಹಿ ಹಾಕಿ ಕೊಲ್ಲಿಸುವ ಕಡೆ ಮೌನದ ಬೆಲೆಯನ್ನು ನಾವಾರೂ ತೆರುವುದಿಲ್ಲ. ಪೊದೆಯೊಳಗೆ ಬಿದ್ದ ಪ್ರಾಣಿ ತೆರುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಅಂಥ ಪ್ರತಿಯೊಂದು ಅನುಮತಿಪತ್ರದಲ್ಲಿ ಆಯುಧದ ಅಳತೆ, ಗುಂಡಿನ ಬಗೆ, ಹೊಡೆಯಬಹುದಾದ ಗರಿಷ್ಠ ದೂರ ನಮೂದಾಗಬೇಕು, ಚರೆಗೆ ನಿಷೇಧವಿರಬೇಕು, ಗಾಯಗೊಂಡು ಓಡಿದ್ದನ್ನು ಹುಡುಕಿ ಮುಗಿಸುವ ಹೊಣೆ ಹೊಡೆದವನ ಮೇಲೆ ಬರಹದಲ್ಲಿರಬೇಕು. ಬಿದ್ದ ಕಡೆ ಉಳಿಯುವ ಸೀಸದ ಚೂರು ಹದ್ದುಗಳಿಗೆ ವಿಷವೆಂದು ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸವನ್ನೇ ಬಿಡಿಸಿ ತಾಮ್ರದಂಥ ಗುಂಡುಗಳತ್ತ ತಿರುಗಿದೆ. ಅದು ನಮಗೆ ಮುಂದಿನ ಮಾತು. ಸದ್ಯಕ್ಕೆ 17ನೆಯ ಕಲಮಿನ ಆ ಒಂದು ಸಾಲನ್ನು ಯಾರಾದರೂ ಹಳೆಯ ಗೆಜೆಟ್ಟಿನಿಂದ ತೆಗೆದು ಮತ್ತೆ ಬರೆದರೂ ಸಾಕು.