ನಮ್ಮೂರ ಚರ್ಚಿಗೂ ಒಂದು ಶಾಸನ ಬೇಕು

ಕಳೆದ ಸೆಮಿಸ್ಟರ್ ರಜೆಗೆ ಸಿರುಗುಪ್ಪ ತಾಲೂಕಿನ ನಮ್ಮ ಅಜ್ಜಿ ಊರಿಗೆ ಹೋಗಿದ್ದೆ. ಬಸ್ ಇಳಿದು ನೋಡಿದ್ರೆ ಹಳೇ ಮೆಥೋಡಿಸ್ಟ್ ಚರ್ಚ್ ಇದ್ದ ಜಾಗದಲ್ಲಿ ಹೊಸ ಪಿಲ್ಲರ್‌ಗಳು ಎದ್ದಿದ್ದವು. ಒಳ್ಳೇದೇ ಆಯ್ತು ಅನ್ನಿಸ್ತು. ಮಳೆ ಬಂದ್ರೆ ಸೋರುತ್ತಿದ್ದ ಮಾಳಿಗೆ ಅದು. ಮನೆಗೆ ಹೋಗಿ, "ಅಜ್ಜಿ, ಹಳೇ ಗುಡಿ ಯಾವಾಗ ಕಟ್ಟಿದ್ದು?" ಅಂತ ಕೇಳಿದೆ. "ಕಾಲುವೆ ನೀರು ಬರೋಕಿಂತ ಮೊದ್ಲೇ ಇತ್ತಪ್ಪಾ. ನಮ್ಮಪ್ಪ ಕಲ್ಲು ಹೊತ್ತಿದ್ನಂತೆ" ಅಂದರು.

ಫೋಟೋ ಹುಡುಕಿದೆವು. ಸಿಕ್ಕಿದ್ದು ಒಂದು ಮದುವೆ ಫೋಟೋ ಮಾತ್ರ. ಅದರಲ್ಲಿ ಮದುಮಕ್ಕಳ ಹಿಂದೆ ಎರಡಡಿ ಗೋಡೆ, ಅರ್ಧ ಬಾಗಿಲು. ಅಷ್ಟೇ. ನನ್ನ ಮುತ್ತಜ್ಜ ಹೊತ್ತ ಕಲ್ಲಿಗೆ ಉಳಿದ ದಾಖಲೆ ಅದೊಂದೇ.

ಬಳ್ಳಾರಿ ಜಿಲ್ಲೆಯ ಕ್ರೈಸ್ತ ಇತಿಹಾಸ ಯಾರೂ ಬರೆದಿಲ್ಲ ಅಂತಲ್ಲ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು, ಅವರು ಮತ್ತು ವಿಲಿಯಂ ರೀವ್ ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತಂದದ್ದು, 1831ರ ಹೊತ್ತಿಗೆ ಪೂರ್ತಿ ಬೈಬಲ್ ಅಚ್ಚಾದದ್ದು, 1832ರಲ್ಲಿ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು, ಇದೆಲ್ಲ ಪುಸ್ತಕಗಳಲ್ಲಿ ಇದೆ. 1843ರಲ್ಲಿ ಶುರುವಾದ 'ಮಂಗಳೂರ ಸಮಾಚಾರ' ಮರುವರ್ಷವೇ ಬಳ್ಳಾರಿಯ ಅಚ್ಚುಕೂಟಕ್ಕೆ ಬಂದು 'ಕನ್ನಡ ಸಮಾಚಾರ' ಆಯಿತು ಅನ್ನೋದೂ ನಮಗೆ ಗೊತ್ತು. ಮಿಷನರಿಗಳು ಊರಿಗೆ ಬರೆದ ಪತ್ರಗಳು ಇವತ್ತಿಗೂ ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿ ಭದ್ರವಾಗಿವೆ. ಅಂದರೆ ಬಂದವರ ಕಥೆ ಉಳಿದಿದೆ. ಕಲ್ಲು ಹೊತ್ತವರ ಕಥೆ ಉಳಿದಿಲ್ಲ.

ಇನ್ನೊಂದು ತೊಡಕು, ಹೆಸರುಗಳದ್ದು. 1820ರಲ್ಲಿ ಬಳ್ಳಾರಿಯಿಂದ ಹೋದ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಲಂಡನ್ ಮಿಷನ್ ಕೆಲಸ ಶುರು ಮಾಡಿದರು. 1904ರಲ್ಲಿ ಅದು ಅಮೆರಿಕದ ಮೆಥೋಡಿಸ್ಟರ ಕೈಗೆ ಹೋಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿದಾಗ ಲಂಡನ್ ಮಿಷನ್ ಸಭೆಗಳೂ ಇಂಗ್ಲೆಂಡ್ ಮೂಲದ ಮೆಥೋಡಿಸ್ಟರೂ ಅದರಲ್ಲಿ ಸೇರಿದರು. ಅಮೆರಿಕ ಮೂಲದ ಮೆಥೋಡಿಸ್ಟರು ಹೊರಗೇ ಉಳಿದು, 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚ್ ಆದರು. ಹೀಗೆ ಬೋರ್ಡು ಬದಲಾದಾಗೆಲ್ಲ ಕಾಗದ ಪತ್ರ ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆಯುತ್ತೆ. ಅಲೆಯದೆ ಊರಲ್ಲೇ ಇರೋದು ಕಟ್ಟಡ ಒಂದೇ. ಅದನ್ನೂ ಕೆಡವಿದ ಮೇಲೆ ಕೇಳೋಕೆ ಯಾರಿದ್ದಾರೆ?

ಹಾಗಂತ ಕೆಡವಬೇಡಿ ಅಂತ ನಾನು ಹೇಳ್ತಿಲ್ಲ. ಸಿವಿಲ್ ಓದುವ ಯಾರಿಗಾದರೂ ಕಾರಣ ಗೊತ್ತು. ಸಿರುಗುಪ್ಪದ್ದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಕಾಲುವೆ ನೀರು ಹರಿದು ಇಲ್ಲೆಲ್ಲ ಭತ್ತದ ಗದ್ದೆಯಾಯಿತು. ಒಣಬೇಸಾಯದ ಕಾಲಕ್ಕೆ ಹಾಕಿದ ತಳಪಾಯಕ್ಕೆ ಆ ತೇವ ಹೊಸದು. ಗೋಡೆ ಸೀಳು ಬಿಡೋದು ಸಹಜ. ಸೋರುವ ಮಾಳಿಗೆ ಕೆಳಗೆ ಕೂತು ಪ್ರಾರ್ಥನೆ ಮಾಡುವವರು ಅವರು. ಅವರಿಗೆ ಗಟ್ಟಿ ಸೂರು ಬೇಕು. ವರ್ಷಕ್ಕೊಮ್ಮೆ ಹೋಗಿ "ಅಯ್ಯೋ, ಹಳೇದೇ ಚೆನ್ನಾಗಿತ್ತು" ಅನ್ನೋ ಹಕ್ಕು ನನಗಿಲ್ಲ.

ನನ್ನ ವಾದ ಇಷ್ಟೇ: ಕೆಡವೋಕೆ ಮುಂಚೆ ಒಂದು ದಿನ ಕೊಡಿ. ಅಳತೆ ತೊಗೊಳ್ಳೋಣ.

ಯಾಕೆ ಅಂದ್ರೆ ಆ ಕಟ್ಟಡ ಹೇಳ್ತಿದ್ದ ಸಂಗತಿ ಯಾವ ಪತ್ರದಲ್ಲೂ ಸಿಗಲ್ಲ. ನಮ್ಮ ಹಳೇ ಚರ್ಚಿಗೆ ಗೋಪುರ ಇರಲಿಲ್ಲ, ಬಣ್ಣದ ಗಾಜೂ ಇರಲಿಲ್ಲ. ಪಕ್ಕದ ಮನೆಗಳ ಹಾಗೇ ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಗಂಟೆ ಬದಲು ರೈಲು ಕಂಬಿಯ ತುಂಡು. ಕಟ್ಟಿದವರು ಊರ ಗೌಂಡಿಗಳು ಅಂತ ನೋಡಿದ ಕೂಡಲೇ ಗೊತ್ತಾಗ್ತಿತ್ತು. ವಾರವಿಡೀ ಅಲ್ಲೇ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರಂತೆ. ಬೇರೆ ಕಡೆ ಒಳಗೆ ಬಿಡದ ಜನಕ್ಕೆ ಹೊಸ್ತಿಲು ದಾಟಿ ಕೂರೋಕೆ ಸಿಕ್ಕ ಮೊದಲ ಜಾಗ ಅದು ಅಂತ ಅಜ್ಜಿ ಹೇಳ್ತಾರೆ. ಸುಗ್ಗಿ ಹಬ್ಬದ ದಿನ ಭತ್ತದ ಚೀಲ, ಕುಂಬಳಕಾಯಿ, ಕೋಳಿ ಎಲ್ಲ ಹರಾಜಾಗ್ತಿದ್ದದ್ದು ಅದರ ಮುಂದಿನ ಕಟ್ಟೆ ಮೇಲೆ. ಹೊಸ ಪ್ಲಾನಿನಲ್ಲಿ ಆ ಕಟ್ಟೆ ಇಲ್ಲ.

ಕುರುಗೋಡಿಗೆ ಹೋಗಿದ್ದೀರಾ? ದೊಡ್ಡಬಸವೇಶ್ವರ ಗುಡಿಯ ಏಕಶಿಲೆಯ ಬಸವಣ್ಣನನ್ನು ನೋಡೋಕೆ ಎಲ್ಲರೂ ಹೋಗ್ತಾರೆ. ಆದರೆ ಅಲ್ಲಿನ ಶಾಸನಗಳ ಮುಂದೆ ನಿಲ್ಲೋರು ಕಡಿಮೆ. ಸಿಂದ ಅರಸರು ಆಳಿದ ಊರದು. ಭೂಮಿ ಕೊಟ್ಟವರು ಯಾರು, ಯಾವ ಗುಡಿಗೆ, ಯಾವಾಗ, ಇಂಥ ಸಂಗತಿಯನ್ನೆಲ್ಲ ಆ ಕಾಲದವರು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅದಕ್ಕೇ ಎಂಟು ನೂರು ವರ್ಷದ ಮೇಲೂ ನಾವು ಓದ್ತೀವಿ. ನೂರು ವರ್ಷವೂ ಆಗದ ನಮ್ಮ ಚರ್ಚಿಗೆ ಒಂದು ಸಾಲೂ ಇಲ್ಲ. ಇದು ಚರ್ಚಿನ ಮಾತಷ್ಟೇ ಅಲ್ಲ. ಊರ ಹೊರಗಿನ ಸಣ್ಣ ದರ್ಗಾ, ಕೇರಿಯ ದುರುಗಮ್ಮನ ಗುಡಿ, ಎಲ್ಲದರದ್ದೂ ಇದೇ ಪಾಡು. ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಇವು ಬರೋದಿಲ್ಲ.

ಊರಲ್ಲಿ ಈ ಮಾತು ತೆಗೆದಾಗ ಒಬ್ಬ ಹಿರಿಯರು, "ಯಾಕ್ ಬೇಕಪ್ಪಾ ಇದೆಲ್ಲ? ಬರೆದಿಟ್ರೆ ನಾಳೆ ಯಾರೋ ಬಂದು ನೀವ್ಯಾರು, ಯಾವಾಗ ಬಂದ್ರಿ ಅಂತ ಕೇಳ್ತಾರೆ" ಅಂದರು. ಆ ಭಯ ಸುಳ್ಳಲ್ಲ. ಅದಕ್ಕೇ ಕೆಲಸ ಸಭೆಯವರ ಒಪ್ಪಿಗೆಯಿಂದಲೇ ಆಗಬೇಕು. ದೀಕ್ಷಾಸ್ನಾನದ ರಿಜಿಸ್ಟರ್ ಮುಟ್ಟಬಾರದು, ಜನರ ಹೆಸರು ಬರೆಯಬಾರದು. ಮೊದಲ ಪ್ರತಿ ಅವರ ಕೈಗೇ ಹೋಗಬೇಕು, ಹೊರಗೆ ತೋರಿಸೋದು ಬಿಡೋದು ಅವರಿಗೇ ಬಿಟ್ಟದ್ದು. ಆದರೆ ಅವರಿಗೆ ಒಂದು ಮಾತು ಹೇಳಿ ಬಂದೆ: "ತಾತಾ, ಕೇಳೋರು ಹೇಗಿದ್ರೂ ಕೇಳ್ತಾರೆ. ಆಗ ತೋರಿಸೋಕೆ ನಮ್ಮ ಹತ್ರ ಏನಾದ್ರೂ ಇರಬೇಕಲ್ವಾ?" ಅವರು ಉತ್ತರ ಕೊಡಲಿಲ್ಲ, ಚಹಾ ತರಿಸಿದರು.

ನಮ್ಮ ಕಾಲೇಜಲ್ಲಿ ಸರ್ವೆ ಪ್ರಾಕ್ಟಿಕಲ್‌ಗೆ ಪ್ರತಿ ಬ್ಯಾಚೂ ಅದೇ ಕ್ಯಾಂಟೀನ್, ಅದೇ ಗ್ರೌಂಡ್ ಅಳೆಯುತ್ತೆ. ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ, ನಾಲ್ಕು ಜನ ಒಂದು ಟೇಪು, ಒಂದು ಮೊಬೈಲು ಹಿಡಿದು ಹೋದರೆ ಸಾಕು. ಪ್ಲಾನ್, ಒಂದು ಸೆಕ್ಷನ್, ಮೂವತ್ತು ಫೋಟೋ. ಜೊತೆಗೆ ಊರಿನ ಇಬ್ಬರು ಹಿರಿಯರ ಮಾತು, ಅವರದೇ ದನಿಯಲ್ಲಿ. ಕನ್ನಡ ಸಂಘದವರು ಆ ಮಾತನ್ನು ಬರಹಕ್ಕೆ ಇಳಿಸಲಿ, ಸಿವಿಲ್‌ನವರು ಡ್ರಾಯಿಂಗ್ ಮಾಡಲಿ.

ನಮ್ಮ ಅಜ್ಜಿ ಊರಿನದು ಕೈ ತಪ್ಪಿತು. ಪಕ್ಕದ ಊರಲ್ಲಿ ಅಂಥದ್ದೇ ಇನ್ನೊಂದು ಮಾಳಿಗೆ ಚರ್ಚ್ ಇದೆ. ಮುಂದಿನ ಸುಗ್ಗಿ ಆದ ಮೇಲೆ ಅದನ್ನೂ ಇಳಿಸ್ತಾರಂತೆ. ಟೇಪ್ ನನ್ನ ಹತ್ರ ಇದೆ. ಇನ್ನು ಮೂರು ಜನ ಬೇಕು.