ಹಳೆಯ ಸ್ಪೋರ್ಟ್ಸ್ ಕಾರು ಯಾರ ಖಾತೆಗೆ?

ವರ್ಷಾಂತ್ಯದ ಲೆಕ್ಕಪತ್ರಗಳು ಸಿದ್ಧವಾಗುವ ಕಾಲದಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಹಳೆಯವೇ ಆಗಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಸಾಲಿಗೆ ಹೊಸದೊಂದು ಸೇರಿದೆ. "ಸಾರ್, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಒಂದು ನೋಡಿದ್ದೇನೆ. ಫರ್ಮಿನ ಹೆಸರಿಗೇ ತೆಗೆದುಕೊಂಡರೆ ಟ್ಯಾಕ್ಸ್ ಉಳಿಯುತ್ತದಲ್ಲವೇ?" ಹೀಗೆ ಕೇಳುವವರು ಹೆಚ್ಚಾಗಿ ಎರಡನೆಯ ತಲೆಮಾರಿನ ವರ್ತಕರು, ನಲವತ್ತರ ಆಸುಪಾಸಿನ ಸಣ್ಣ ಕೈಗಾರಿಕೋದ್ಯಮಿಗಳು. ತಂದೆಯ ಕಾಲದಲ್ಲಿ ಅಂಬಾಸಿಡರ್ ಇತ್ತು, ತಮ್ಮ ಕಾಲದಲ್ಲಿ ಇನ್ನೋವಾ ಬಂತು, ಈಗ ಮನಸ್ಸು ಎರಡು ಬಾಗಿಲಿನ ಕಾರಿನತ್ತ ಹೊರಳಿದೆ. ಆಸೆ ಪಡುವುದರಲ್ಲಿ ದೋಷವೇನೂ ಇಲ್ಲ. ಇಪ್ಪತ್ತು ವರ್ಷ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಶಟರು ಎತ್ತಿದವನು ಒಂದು ಭಾನುವಾರ ನಂದಿಬೆಟ್ಟದ ರಸ್ತೆಯಲ್ಲಿ ತನಗಿಷ್ಟವಾದ ಕಾರನ್ನು ಓಡಿಸಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ನನ್ನ ತಕರಾರು ಪ್ರಶ್ನೆಯ ಎರಡನೆಯ ಭಾಗದ ಬಗ್ಗೆ ಮಾತ್ರ. ಇಂತಹ ಕಾರನ್ನು ಕೊಳ್ಳುವುದಾದರೆ ಸ್ವಂತ ಹಣದಿಂದ, ಸ್ವಂತ ಹೆಸರಿಗೆ ಕೊಳ್ಳಬೇಕು; ಸಂಸ್ಥೆಯ ಲೆಕ್ಕಪುಸ್ತಕದೊಳಗೆ ಅದನ್ನು ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಸರಕು ಮತ್ತು ಸೇವಾ ತೆರಿಗೆಯ ಮಾತು. ಕೇಂದ್ರ ಕಾಯ್ದೆಯ 17(5)ನೆಯ ಕಲಮಿನ ಪ್ರಕಾರ ಚಾಲಕನೂ ಸೇರಿದಂತೆ ಹದಿಮೂರು ಆಸನಗಳನ್ನು ಮೀರದ ಪ್ರಯಾಣಿಕ ವಾಹನದ ಮೇಲೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಜಮೆ ಸಿಗುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಇವನ್ನೇ ವೃತ್ತಿಯಾಗಿ ಉಳ್ಳವರಿಗೆ ಮಾತ್ರ ವಿನಾಯಿತಿ. ಆ ಕಾರಿನ ವಿಮೆ ಮತ್ತು ರಿಪೇರಿಯ ಮೇಲಿನ ತೆರಿಗೆಗೂ ಇದೇ ತಡೆ. ಹೀಗಾಗಿ ಈ ಬಾಬಿನಲ್ಲಿ ಉಳಿತಾಯದ ಪ್ರಶ್ನೆಯೇ ಏಳುವುದಿಲ್ಲ.

ಉಳಿದದ್ದು ಸವಕಳಿ. ನಲವತ್ತು ಲಕ್ಷ ರೂಪಾಯಿಗೆ ಹಳೆಯ ಕಾರೊಂದನ್ನು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕೊಂಡರೆಂದು ಇಟ್ಟುಕೊಳ್ಳೋಣ. ಶೇಕಡಾ 15ರ ದರದಲ್ಲಿ ಮೂರು ವರ್ಷಗಳ ಸವಕಳಿ ಕ್ರಮವಾಗಿ 6 ಲಕ್ಷ, 5.10 ಲಕ್ಷ, 4.34 ಲಕ್ಷ, ಒಟ್ಟು ಸುಮಾರು 15.44 ಲಕ್ಷ. ಸೆಸ್ ಸೇರಿ ಶೇಕಡಾ 31.2ರ ತೆರಿಗೆ ದರದಲ್ಲಿ 4.82 ಲಕ್ಷ ಉಳಿದಂತೆ ಕಾಣುತ್ತದೆ. ಬಹಳಷ್ಟು ಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ನಾಲ್ಕನೆಯ ವರ್ಷ ಆ ಕಾರನ್ನು 32 ಲಕ್ಷಕ್ಕೆ ಮಾರಿದರೆಂದು ಭಾವಿಸಿ. ಒಳ್ಳೆಯ ಸ್ಪೋರ್ಟ್ಸ್ ಕಾರು ಸಾಮಾನ್ಯ ಕಾರಿಗಿಂತ ಬೆಲೆ ಉಳಿಸಿಕೊಳ್ಳುತ್ತದೆ ಎಂಬುದೇ ಅದನ್ನು ಕೊಳ್ಳುವವರ ಮುಖ್ಯ ವಾದವಲ್ಲವೇ? ಪುಸ್ತಕದಲ್ಲಿ ಆಗ ಅದರ ಬೆಲೆ 24.56 ಲಕ್ಷ. ಮಾರಾಟದ ಪೂರ್ಣ ಮೊತ್ತವನ್ನು ಶೇಕಡಾ 15ರ ಆಸ್ತಿ ಗುಂಪಿನಿಂದ ಕಳೆಯಬೇಕು. ಅದೇ ಗುಂಪಿನಲ್ಲಿ ನಿಮ್ಮ ಲೇತು, ಮಿಲ್ಲಿಂಗ್ ಯಂತ್ರಗಳೂ ಇವೆ. ಹೆಚ್ಚಿಗೆ ಬಂದ 7.44 ಲಕ್ಷ ಆ ಯಂತ್ರಗಳ ಮುಂದಿನ ಸವಕಳಿಯನ್ನು ಅಷ್ಟರಮಟ್ಟಿಗೆ ತಿಂದುಹಾಕುತ್ತದೆ. ಅಂದರೆ ಉಳಿಸಿದ ತೆರಿಗೆಯಲ್ಲಿ 2.32 ಲಕ್ಷ ನಿಧಾನವಾಗಿ ಸರ್ಕಾರಕ್ಕೆ ಹಿಂದಿರುಗುತ್ತದೆ. ಇದಲ್ಲದೆ, ಸವಕಳಿ ಪಡೆದ ಹಳೆಯ ವಾಹನವನ್ನು ನೋಂದಾಯಿತ ಸಂಸ್ಥೆ ಮಾರಿದಾಗ ಮಾರಾಟ ಬೆಲೆಗೂ ಸವಕಳಿ ಕಳೆದ ಬೆಲೆಗೂ ಇರುವ ಅಂತರದ ಮೇಲೆ ಸರಕು ಮತ್ತು ಸೇವಾ ತೆರಿಗೆ ಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಮಂಡಳಿಯ ಸಭೆಯ ಶಿಫಾರಸಿನಂತೆ 2025ರ ಜನವರಿ 16ರಿಂದ ಎಲ್ಲ ಬಗೆಯ ಹಳೆಯ ವಾಹನಗಳಿಗೂ ಈ ದರ ಶೇಕಡಾ 18. ನಮ್ಮ ಉದಾಹರಣೆಯಲ್ಲಿ ಅದು 1.34 ಲಕ್ಷ. ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಸುಮಾರು 1.16 ಲಕ್ಷ. ವ್ಯಕ್ತಿಯೊಬ್ಬ ತನ್ನ ಸ್ವಂತ ಬಳಕೆಯ ಕಾರನ್ನು ಮಾರಿದ್ದರೆ ಆ 1.34 ಲಕ್ಷದ ತೆರಿಗೆ ಇರುತ್ತಲೇ ಇರಲಿಲ್ಲ.

ಸಾಲದ ಬಡ್ಡಿ, ವಿಮೆ, ದುರಸ್ತಿ ಖರ್ಚುಗಳನ್ನೂ ಕಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಕಳೆಯಬಹುದು, ಬಳಕೆ ವ್ಯಾಪಾರದ್ದೇ ಎಂದು ತೋರಿಸಲು ಸಾಧ್ಯವಾದರೆ. ಸವಕಳಿಗೂ ಇದೇ ಷರತ್ತು. ಸ್ವಂತ ಬಳಕೆಯ ಪಾಲನ್ನು ಅಧಿಕಾರಿ ತಳ್ಳಿಹಾಕಬಲ್ಲರು. ಎರಡು ಆಸನಗಳ, ಒಂದು ಸೂಟ್‌ಕೇಸು ಹಿಡಿಸುವುದೇ ಕಷ್ಟವಾದ ವಾಹನದಲ್ಲಿ ಪೀಣ್ಯದಿಂದ ಹೊಸೂರಿಗೆ ಸ್ಯಾಂಪಲ್ ಸಾಗಿಸಿದೆವೆಂದು ಬರೆದುಕೊಟ್ಟರೆ ನಂಬುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ಇನ್ನು ಅಂದಾಜು ಲಾಭದ ಯೋಜನೆಯಡಿ ವಹಿವಾಟಿನ ಶೇಕಡಾ 8 ಅಥವಾ 6ರಂತೆ ಆದಾಯ ಘೋಷಿಸುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿಯೇ ಇಲ್ಲ. ಅದು ಆಗಲೇ ದೊರೆತಿದೆ ಎಂದು ಭಾವಿಸಿ ಕಾನೂನು ಆಸ್ತಿಯ ಬೆಲೆಯನ್ನು ವರ್ಷವರ್ಷವೂ ಇಳಿಸುತ್ತಾ ಹೋಗುತ್ತದೆ. ಅವರು ಕಾರನ್ನು ಅಂಗಡಿಯ ಹೆಸರಿಗೆ ತರುವುದರಿಂದ ನಯಾಪೈಸೆ ಲಾಭವಿಲ್ಲ.

ತೆರಿಗೆಗಿಂತಲೂ ಗಂಭೀರವಾದ ವಿಷಯ ಹಣ ಎಲ್ಲಿಂದ ಬಂತು ಎಂಬುದು. ನಮ್ಮ ಬಹುಪಾಲು ಸಂಸ್ಥೆಗಳಲ್ಲಿ ನಲವತ್ತು ಲಕ್ಷ ನಗದು ಸುಮ್ಮನೆ ಬಿದ್ದಿರುವುದಿಲ್ಲ. ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯಲ್ಲಿ ಮಿತಿ ಇರುತ್ತದೆ, ಅಷ್ಟೇ. ದಾಸ್ತಾನು ಮತ್ತು ಬಾಕಿದಾರರನ್ನು ಆಧರಿಸಿ ಕೊಟ್ಟ ದುಡಿಮೆ ಬಂಡವಾಳವನ್ನು ಕಾರಿಗೆ ತಿರುಗಿಸಿದರೆ ಬ್ಯಾಂಕಿನ ಭಾಷೆಯಲ್ಲಿ ಅದಕ್ಕೆ ನಿಧಿಯ ದುರ್ಬಳಕೆ ಎಂದೇ ಹೆಸರು. ಮಿತಿ ನವೀಕರಣದ ಸಮಯದಲ್ಲಿ ಅಢಾವೆ ಪತ್ರಿಕೆಯನ್ನು ತಿರುವಿಹಾಕುವ ಬ್ಯಾಂಕ್ ಅಧಿಕಾರಿಗೆ ಈ ಒಂದು ಸಾಲು ಕಾಣದೆ ಹೋಗುವುದಿಲ್ಲ.

ಬ್ಯಾಂಕಿಗಿಂತ ಮೊದಲು ಪೆಟ್ಟು ತಿನ್ನುವವನು ಸರಬರಾಜುದಾರ. ಮಿತಿ ತುಂಬಿದಾಗ ಮೊದಲು ನಿಲ್ಲುವುದು ಫೌಂಡ್ರಿಯವನ ಬಿಲ್ಲು, ಪ್ಯಾಕಿಂಗ್ ಪೆಟ್ಟಿಗೆಯವನ ಬಿಲ್ಲು, ಜಾಬ್‌ವರ್ಕ್ ಮಾಡಿಕೊಡುವ ನಾಲ್ಕು ಜನರ ಘಟಕದ ಬಿಲ್ಲು. ಅತಿ ಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ; ಆ ಬಡ್ಡಿಯನ್ನು ಖರ್ಚೆಂದು ತೋರಿಸುವಂತಿಲ್ಲ. 2024-25ರ ಕರನಿರ್ಧಾರ ವರ್ಷದಿಂದ ಗಡುವು ಮೀರಿ ಬಾಕಿ ಉಳಿಸಿಕೊಂಡ ಅಂತಹ ಬಿಲ್ಲುಗಳನ್ನು ಹಣ ಪಾವತಿಯಾದ ವರ್ಷದಲ್ಲಷ್ಟೇ ಖರ್ಚೆಂದು ಒಪ್ಪಲಾಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಕಾರಿನಿಂದ ಮೂರು ವರ್ಷದಲ್ಲಿ ಲಕ್ಷ ರೂಪಾಯಿ ಉಳಿಸಲು ಹೊರಟವರು ಮಾರ್ಚ್ 31ರಂದು ಹತ್ತು ಲಕ್ಷದ ಬಾಕಿ ಬಿಲ್ಲಿನ ಮೇಲೆ ಅದೇ ವರ್ಷ 3.12 ಲಕ್ಷ ತೆರಿಗೆ ಕಟ್ಟಬೇಕಾದೀತು.

ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಇದು ಸಲ್ಲದ ನಡೆ. ತನ್ನ ಬಿಲ್ಲಿಗಾಗಿ ಮೂರು ತಿಂಗಳಿಂದ ಅಲೆಯುತ್ತಿರುವವನು ಗೇಟಿನೊಳಗೆ ಹೊಳೆಯುವ ಕಾರನ್ನು ಕಂಡಾಗ ಏನೆಂದುಕೊಂಡಾನು? ನಮ್ಮ ಓದುಗರಲ್ಲಿ ಅನೇಕರು ಒಂದೊಂದು ದಿನ ಅಲೆಯುವವರ ಜಾಗದಲ್ಲಿಯೂ ನಿಂತವರೇ. ಪೇಟೆಯಲ್ಲಿ ಉದ್ದರಿ ಹುಟ್ಟುವುದು ನಂಬಿಕೆಯ ಮೇಲೆ. ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಂತೂ ಒಬ್ಬನ ಮೋಜಿನ ಸವಕಳಿ ಎಲ್ಲರ ಲಾಭದಿಂದ ಕಳೆಯುತ್ತದೆ. ಮಾತಿನಲ್ಲಿ ಯಾರೂ ಆಡುವುದಿಲ್ಲ. ಎರಡು ವರ್ಷದ ಮೇಲೆ ಪಾಲುಪಟ್ಟಿಯ ಸಂದರ್ಭದಲ್ಲಿ ಅದು ಹೊರಗೆ ಬರುತ್ತದೆ.

ಆದ್ದರಿಂದ ತೆರಿಗೆ ಕಟ್ಟಿ ಬಂದ ಲಾಭ ಬಂಡವಾಳ ಖಾತೆಯಲ್ಲಿ ಜಮೆಯಾಗಿರಲಿ, ಸರಬರಾಜುದಾರರ ಬಾಕಿ ಗಡುವಿನೊಳಗಿರಲಿ, ಆ ಮೇಲೆ ತಮ್ಮ ಪಾಲಿನ ಹಣವನ್ನು ಹಿಂತೆಗೆದು ಕಾರು ಕೊಳ್ಳಲಿ. ಬಂಡವಾಳ ಖಾತೆಯೇ ಖರ್ಚು ಬಾಕಿ ತೋರಿಸುತ್ತಿದ್ದರೆ ಕಾರಿನ ಮಾತು ಮುಂದಿನ ವರ್ಷಕ್ಕಿರಲಿ. ಹಾಗೆ ಮಿತಿಮೀರಿ ಹಿಂತೆಗೆದ ಮೊತ್ತಕ್ಕೆ ತಗಲುವ ಬ್ಯಾಂಕ್ ಬಡ್ಡಿಯನ್ನೂ ಇಲಾಖೆ ತಳ್ಳಿಹಾಕುವುದುಂಟು.

ಹೀಗೆ ಕೊಳ್ಳಲು ನಿಂತವರಿಗೆ ಕೆಲವು ಎಚ್ಚರಿಕೆಗಳನ್ನು ಹೇಳಬೇಕು. ಹೊಸ ಕಾರಿನ ಬೆಲೆಯೊಡನೆ ಹೋಲಿಸಿ ಹಳೆಯದು ಅಗ್ಗವೆಂದು ಹಿಗ್ಗಬೇಡಿ. 2016ರಲ್ಲಿ ಫೋರ್ಡ್ ಮಸ್ಟ್ಯಾಂಗ್ ಸುಮಾರು 65 ಲಕ್ಷಕ್ಕೆ ಇಲ್ಲಿ ಬಿಡುಗಡೆಯಾಯಿತು. 2021ರಲ್ಲಿ ಆ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಾರಿನ ಬೆಲೆ ಅರ್ಧಕ್ಕಿಳಿದರೂ ಅದರ ಬಿಡಿಭಾಗಗಳ ಬೆಲೆ ಅರ್ಧವಾಗುವುದಿಲ್ಲ. ಪೋರ್ಷೆ ಬಾಕ್ಸ್‌ಸ್ಟರ್‌ನ ಹಳೆಯ ಮಾದರಿಗಳಲ್ಲಿ ಎಂಜಿನ್ನಿನ ಮಧ್ಯಂತರ ಶಾಫ್ಟಿನ ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ನೇ ಹಾಳಾಗಬಲ್ಲದೆಂಬುದು ಜಗತ್ತಿನಾದ್ಯಂತ ತಿಳಿದ ಸಂಗತಿ. ಅದನ್ನು ಬದಲಿಸಿದ ಬಿಲ್ಲು ಇದೆಯೇ ಎಂದು ಕೇಳಿ. ಕಡಿಮೆ ಓಡಿದ ಕಾರೆಂಬ ಮಾತಿಗೂ ಮರುಳಾಗಬೇಕಿಲ್ಲ. ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿ ಉಳಿದ ಕಾಲ ನಿಂತೇ ಇದ್ದ ಕಾರಿನಲ್ಲಿ ರಬ್ಬರಿನ ಸೀಲುಗಳು ಒಣಗಿರುತ್ತವೆ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಗೆರೆ ಮಾಸದ ಟೈರು ಎಂಟು ವರ್ಷದ ಹಳೆಯದಿದ್ದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆ ಸಿಗುವುದರಿಂದ, ಹಳೆಯ ಎಂಜಿನ್ನಿನ ಇಂಧನ ಕೊಳವೆಗಳು ಅದನ್ನು ತಾಳುತ್ತವೆಯೇ ಎಂದು ಆ ಕಂಪನಿಯ ಕೆಲಸ ಬಲ್ಲ ಮೆಕ್ಯಾನಿಕ್ಕನ್ನು ಕೇಳುವುದು ಒಳ್ಳೆಯದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರಿನ ವಿಲ್ಲಾಗಳಲ್ಲಿ ದುಬಾರಿ ಕಾರುಗಳು ಮುಳುಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನೀರು ಕುಡಿದ ಕಾರು ತೊಳೆದ ಮೇಲೆ ಹೊಸದರಂತೆಯೇ ಕಾಣುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ವಿಮೆಯ ಕ್ಲೇಮಿನ ಇತಿಹಾಸವನ್ನೂ ನೋಡದೆ ಮುಂಗಡ ಕೊಡಬೇಡಿ.

ಹೊರರಾಜ್ಯದ ಸಂಖ್ಯೆಯ ಕಾರು ಎಷ್ಟೇ ಅಗ್ಗವಿದ್ದರೂ ನಿಜವಾದ ಬೆಲೆ ತಿಳಿಯುವುದು ಆರ್.ಟಿ.ಓ. ಕಚೇರಿಯಲ್ಲಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟರೆ ಮರುನೋಂದಣಿ ಕಡ್ಡಾಯ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18, ಮೇಲ್ತೆರಿಗೆ ಬೇರೆ. ಹಳೆಯದಕ್ಕೆ ವಯಸ್ಸಿಗನುಗುಣವಾದ ಇಳಿಕೆ ಉಂಟು. ಆದರೆ ಲೆಕ್ಕ ಹಿಡಿಯುವುದು ವಾಹನದ ಮೂಲ ಬೆಲೆಯಿಂದ, ನೀವು ಚೌಕಾಸಿ ಮಾಡಿದ ಬೆಲೆಯಿಂದಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರಿಂದ ಸಾರಿಗೆ ಇಲಾಖೆ ಸುಮಾರು 1.42 ಕೋಟಿ ರೂಪಾಯಿ ವಸೂಲು ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

"ಸ್ವಲ್ಪ ನಗದಾಗಿ ಕೊಡಿ" ಎಂಬ ಬೇಡಿಕೆ ಬಂದರೆ ಅಲ್ಲಿಗೇ ಎದ್ದು ಬನ್ನಿ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡವಿದೆ. ಕೊಟ್ಟವನು ಹಣದ ಮೂಲವನ್ನು ವಿವರಿಸಬೇಕಾಗುತ್ತದೆ. ಹತ್ತು ಲಕ್ಷ ಮೀರಿದ ಕಾರನ್ನು ವ್ಯಾಪಾರಸ್ಥನಿಂದ ಕೊಂಡರೆ ಶೇಕಡಾ 1ರಷ್ಟು ತೆರಿಗೆ ಮೂಲದಲ್ಲೇ ಸಂಗ್ರಹವಾಗಿ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ಅದನ್ನು ರಿಟರ್ನ್‌ನಲ್ಲಿ ಹಿಂಪಡೆಯಬಹುದು. ಖರೀದಿಯ ಸಂಗತಿ ಇಲಾಖೆಗೂ ತಿಳಿದಿರುತ್ತದೆ.

ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಮೂವತ್ತೈದನೆಯ ನಮೂನೆ, ಬಾಕಿ ದಂಡಗಳ ವಿವರ ಇವುಗಳನ್ನು ನೋಡಿಕೊಂಡು ನೋಂದಣಿ ಬದಲಾಯಿಸಿಕೊಳ್ಳಿ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮದೇ ಕಾರಿಗಾದ ಹಾನಿಗೆ ಪರಿಹಾರ ಸಿಗುವುದು ಅನುಮಾನ. ಹೊಸದನ್ನು ತರುವ ಭರದಲ್ಲಿ ಮನೆಯ ಹಳೆಯ ಕಾರನ್ನು ಯಾರಿಗೋ ಸಹಿ ಮಾಡಿದ ಖಾಲಿ ನಮೂನೆಗಳೊಂದಿಗೆ ಒಪ್ಪಿಸುವವರೂ ಇದ್ದಾರೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದಂತೆ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ. ಕಾರು ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವನದೇ. ಆ ವರ್ಗಾವಣೆ ಮುಗಿದ ಪತ್ರ ಕೈಗೆ ಬಂದ ಮೇಲೆ ಎರಡು ಬಾಗಿಲಿನ ಕಾರಿನ ಕೀಲಿ ತೆಗೆದುಕೊಳ್ಳಬಹುದು.