ಪರ್ಮಿಟ್ ರಾಜ್ ಈಗ ಅಮೆರಿಕದಲ್ಲಿ: ವಲಸಿಗ ಕನ್ನಡಿಗರ ಹೊಸ ಅಳಲು

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಹುಬ್ಬಳ್ಳಿಯ ವಿದ್ಯಾನಗರಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿ, ವೃದ್ಧ ತಂದೆತಾಯಿ ಇಬ್ಬರೇ ಉಳಿದಿರುವ ಮನೆಗಳಿಗೆ ಕೊರತೆಯಿಲ್ಲ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು (ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ) ಹಾಗೂ 1979ರಲ್ಲಿ ಹುಟ್ಟಿದ ಧಾರವಾಡದ ಎಸ್.ಡಿ.ಎಂ. ಕಾಲೇಜುಗಳಿಂದ ಹೊರಬಂದ ಎಂಜಿನಿಯರುಗಳಲ್ಲಿ ಅನೇಕರು ಕಡಲಾಚೆಯ ದಾರಿ ಹಿಡಿದರು. ಹೋದವರೆಲ್ಲ ಡಾಲರಿಗಾಗಿಯೇ ಹೋದರೆಂಬುದು ಅರ್ಧಸತ್ಯ. ಡ್ರೈವಿಂಗ್ ಲೈಸೆನ್ಸಿಗೆ ಏಜೆಂಟನ ಹಂಗಿಲ್ಲದ, ಮನೆಯ ನಕ್ಷೆ ಮಂಜೂರಾಗಲು ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಿಲ್ಲದ ನಾಡು ಅದು ಎಂಬ ನಂಬಿಕೆಯೂ ಅವರ ಸೂಟ್‌ಕೇಸಿನಲ್ಲಿತ್ತು. ರಜೆಗೆ ಬಂದಾಗಲೆಲ್ಲ ಅವರು ನಮಗೆ ಹೇಳುತ್ತಿದ್ದುದೂ ಅದನ್ನೇ.

ಆ ಮಾತಿನ ಧಾಟಿ ಈಗ ಬದಲಾಗಿದೆ. ಸಪ್ತಾಪುರದ ನಿವೃತ್ತ ಶಿಕ್ಷಕರೊಬ್ಬರು ಇತ್ತೀಚೆಗೆ ಹೇಳಿದ್ದು ಹೀಗೆ: "ಇಲ್ಲೆ ರೊಕ್ಕಾ ತಿಂತಿದ್ರು ಖರೆ, ಆದ್ರ ಯಾರಿಗೆ ಕೊಡಬೇಕು ಅಂತ ಗೊತ್ತಿರತಿತ್ತು. ಅಲ್ಲೆ ಈಗ ಕಾನೂನೇ ರೊಕ್ಕಾ ಕೇಳ್ಲಿಕ್ಕೆ ಹತ್ತೇದ ಅಂತಾನ ನಮ್ಮ ಹುಡುಗ." ಮೇಷ್ಟ್ರ ಮಗ ಹದಿಮೂರು ವರ್ಷಗಳಿಂದ ಅಲ್ಲಿನ ಕಂಪೆನಿಯೊಂದರಲ್ಲಿ ಉದ್ಯೋಗಿ. ಈ ಮಾತನ್ನು ಹತಾಶೆಯ ಉದ್ಗಾರವೆಂದು ತಳ್ಳಿಹಾಕುವಂತಿಲ್ಲ. ಕಳೆದ ವರ್ಷದ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ, 1991ಕ್ಕೆ ಮುಂಚಿನ ಭಾರತವನ್ನು ಕಂಡವರಿಗೆ ಪರಿಚಿತವಾದ ಚಿತ್ರವೊಂದು ಮೂಡುತ್ತದೆ.

2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎರಡು ಆದೇಶಗಳಿಗೆ ಸಹಿ ಹಾಕಿದರು. ಒಂದು, ಹೊಸ ಎಚ್-1ಬಿ ವೀಸಾ ಅರ್ಜಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಆದೇಶ. ಅಂದಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಇನ್ನೊಂದು, ಸರ್ಕಾರಕ್ಕೆ 10 ಲಕ್ಷ ಡಾಲರ್ "ಕೊಡುಗೆ" ನೀಡಿದವರಿಗೆ ಶಾಶ್ವತ ವಾಸದ ಹಾದಿ ಸುಗಮಗೊಳಿಸುವ ಗೋಲ್ಡ್ ಕಾರ್ಡ್ ಯೋಜನೆ. ಉದ್ಯೋಗಿಯ ಪರವಾಗಿ ಕಂಪೆನಿ ಕೊಡುವುದಾದರೆ 20 ಲಕ್ಷ ಡಾಲರ್. ದುಡಿಯಲು ಬರುವವನಿಗೆ ಬಾಗಿಲು ಕಿರಿದಾದ ದಿನವೇ ದುಡ್ಡಿದ್ದವನಿಗೆ ಬಾಗಿಲು ತೆರೆಯಿತು.

ಮಹಾಲಯ ಅಮಾವಾಸ್ಯೆಗೆ ಎರಡೇ ದಿನವಿತ್ತು. ನವರಾತ್ರಿಗೆಂದು ಊರಿಗೆ ಬಂದಿದ್ದವರಿಗೆ, ಆದೇಶ ಜಾರಿಗೆ ಬರುವ ಮುನ್ನ ಮರಳಬೇಕೆಂದು ಕಂಪೆನಿಗಳಿಂದ ಇ-ಮೇಲ್ ಬಂತು. ಟಿಕೆಟ್ ದರ ಗಗನಕ್ಕೇರಿತು. ಮರುದಿನ ಶ್ವೇತಭವನವು, ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಅದೂ ಒಂದೇ ಬಾರಿ ಎಂದು ಸ್ಪಷ್ಟನೆ ನೀಡಿತು. ಅಷ್ಟರಲ್ಲಿ ಹಬ್ಬವನ್ನು ಬಿಟ್ಟು ವಿಮಾನ ಹತ್ತಿದವರು ಎಷ್ಟೋ ಮಂದಿ. ಅಕ್ಟೋಬರ್‌ನಲ್ಲಿ ಬಂದ ಮತ್ತೊಂದು ವಿವರಣೆಯ ಪ್ರಕಾರ, ಅಮೆರಿಕದಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಈ ಶುಲ್ಕವಿಲ್ಲ. ಅಂದರೆ ಲಕ್ಷಗಟ್ಟಲೆ ಸಾಲ ಮಾಡಿ ಅಲ್ಲಿನ ವಿಶ್ವವಿದ್ಯಾಲಯ ಸೇರಿದವನು ಪಾರಾದ. ಹುಬ್ಬಳ್ಳಿಯಿಂದ ನೇರವಾಗಿ ಕೆಲಸಕ್ಕೆ ಹೋಗಬಯಸುವವನು ಸಿಕ್ಕಿಬಿದ್ದ.

ಶುಲ್ಕದ ಮೊತ್ತಕ್ಕಿಂತ ಗಮನಿಸಬೇಕಾದುದು ಆದೇಶದಲ್ಲಿರುವ ವಿನಾಯಿತಿಯ ಅಂಶ. ರಾಷ್ಟ್ರೀಯ ಹಿತದ ಹೆಸರಿನಲ್ಲಿ ಯಾವುದೇ ವ್ಯಕ್ತಿ, ಯಾವುದೇ ಕಂಪೆನಿ ಅಥವಾ ಇಡೀ ಉದ್ಯಮಕ್ಕೇ ವಿನಾಯಿತಿ ನೀಡುವ ಅಧಿಕಾರವನ್ನು ಅದು ಗೃಹಭದ್ರತಾ ಕಾರ್ಯದರ್ಶಿಗೆ ಕೊಡುತ್ತದೆ. ನಮ್ಮ ಪರ್ಮಿಟ್ ರಾಜ್ ನಿಂತಿದ್ದು ಇದೇ ಅಡಿಪಾಯದ ಮೇಲಲ್ಲವೇ? ಮೊದಲು ಯಾರೂ ದಾಟಲಾಗದಷ್ಟು ಎತ್ತರದ ಬೇಲಿ. ಆಮೇಲೆ ಬೇಲಿಯ ಕೀಲಿಕೈ ಒಬ್ಬನ ಕೈಯಲ್ಲಿ. ಲೈಸೆನ್ಸು, ಕೋಟಾಗಳಿಗಾಗಿ ದೆಹಲಿಯ ಭವನಗಳಲ್ಲಿ ಕಾದು ಕುಳಿತ ಉದ್ಯಮಿಗಳ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಕೀಲಿಕೈ ಇರುವಲ್ಲಿ ಕಾಯುವವರು ಬರಿಗೈಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಶ್ವೇತಭವನದ ಹೊಸ ನೃತ್ಯಾಂಗಣಕ್ಕೆ ದೇಣಿಗೆ ನೀಡಿದವರ ಪಟ್ಟಿ ಪ್ರಕಟವಾಯಿತು. ಅಮೆಜಾನ್, ಆಪಲ್, ಗೂಗಲ್, ಮೆಟಾ, ಮೈಕ್ರೋಸಾಫ್ಟ್ ಅದರಲ್ಲಿದ್ದವು. ಎಚ್-1ಬಿ ನೌಕರರನ್ನು ಅತಿ ಹೆಚ್ಚು ನೇಮಿಸಿಕೊಳ್ಳುವ ಕಂಪೆನಿಗಳ ಪಟ್ಟಿಯಲ್ಲೂ ಇವೇ ಹೆಸರುಗಳಿವೆ. ಇದನ್ನು ಲಂಚವೆನ್ನಲು ಆಧಾರವಿಲ್ಲ. ಪಟ್ಟಿ ಬಹಿರಂಗವಾಗಿಯೇ ಇದೆ. ವಲಸಿಗರ ಅಸಮಾಧಾನದ ತಿರುಳು ಅಲ್ಲಿಯೇ ಇದೆ. ಗುಟ್ಟಾಗಿ ನಡೆದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ರಸೀದಿ ಹಾಕಿ ನಡೆದರೆ ಯಾರಿಗೆ ದೂರುವುದು?

ಲಂಚದ ವಿಷಯದಲ್ಲಿ ಜಗತ್ತಿಗೆಲ್ಲ ಪಾಠ ಹೇಳುತ್ತಿದ್ದ ಅಮೆರಿಕದ ಸ್ವರವೂ ತಗ್ಗಿದೆ. ವಿದೇಶಗಳಲ್ಲಿ ಲಂಚ ಕೊಡುವ ಕಂಪೆನಿಗಳನ್ನು ಶಿಕ್ಷಿಸುವ 1977ರ ಕಾಯ್ದೆಯ ಜಾರಿಯನ್ನು ಟ್ರಂಪ್ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕವಾಗಿ ತಡೆದರು. ಜೂನ್‌ನಲ್ಲಿ ಸಡಿಲಗೊಂಡ ಮಾರ್ಗಸೂಚಿಯೊಂದಿಗೆ ಅದು ಮತ್ತೆ ಆರಂಭವಾಯಿತು. ಈ ನಡುವೆ ಕೈಬಿಟ್ಟ ಪ್ರಕರಣಗಳಲ್ಲಿ ಒಂದು ನಮ್ಮ ನೆರೆಯದೇ. ಚೆನ್ನೈನ ಕಚೇರಿ ಸಮುಚ್ಚಯಕ್ಕೆ ಪರವಾನಗಿ ಪಡೆಯಲು ತಮಿಳುನಾಡಿನ ಅಧಿಕಾರಿಗೆ ಲಂಚ ನೀಡಲು ಒಪ್ಪಿದ್ದರೆಂಬ ಆರೋಪ ಹೊತ್ತಿದ್ದ ಕಾಗ್ನಿಜಂಟ್ ಕಂಪೆನಿಯ ಇಬ್ಬರು ಮಾಜಿ ಅಧಿಕಾರಿಗಳ ವಿರುದ್ಧದ ಮೊಕದ್ದಮೆಯನ್ನು ಏಪ್ರಿಲ್‌ನಲ್ಲಿ ಹಿಂಪಡೆಯಲಾಯಿತು. ಕಂಪೆನಿ 2019ರಲ್ಲೇ 2.5 ಕೋಟಿ ಡಾಲರ್ ತೆತ್ತು ತನ್ನ ಮಟ್ಟಿಗೆ ವಿಷಯವನ್ನು ಮುಗಿಸಿಕೊಂಡಿತ್ತು.

ಇಷ್ಟಾದರೂ ಎಲ್ಲ ದೋಷವನ್ನು ಟ್ರಂಪ್ ತಲೆಗೆ ಕಟ್ಟುವುದು ಸರಿಯಲ್ಲ. ವಲಸಿಗನನ್ನು ಕಂಪೆನಿಯ ಕೈಗೆ ಒಪ್ಪಿಸಿದ ಕಾನೂನು 1990ರದು. ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವವನು ನೌಕರನಲ್ಲ, ಮಾಲೀಕ. ಬೇರೊಂದು ಕಂಪೆನಿ ಹೊಸ ಅರ್ಜಿ ಸಲ್ಲಿಸಿದರೆ ಕೆಲಸ ಬದಲಿಸಬಹುದು, ನಿಜ. ಆದರೆ ಗ್ರೀನ್ ಕಾರ್ಡಿನ ಕಾಗದಪತ್ರದ ಬಹುಭಾಗ ಮತ್ತೆ ಮೊದಲಿನಿಂದ ಆರಂಭ. ಕೆಲಸ ಹೋದರೆ ಸಿಗುವುದು 60 ದಿನ. ಅಷ್ಟರಲ್ಲಿ ಇನ್ನೊಬ್ಬ ಮಾಲೀಕ ಸಿಗದಿದ್ದರೆ ಮನೆ, ಕಾರು, ಮಕ್ಕಳ ಶಾಲೆ ಎಲ್ಲವನ್ನೂ ಬಿಟ್ಟು ಹೊರಡಬೇಕು. 2022-23ರ ಸಾಮೂಹಿಕ ವಜಾಗಳಲ್ಲಿ ಈ 60 ದಿನದ ಲೆಕ್ಕ ಎಷ್ಟು ಮನೆಗಳ ನಿದ್ದೆ ಕೆಡಿಸಿತೆಂಬುದು ಇಲ್ಲಿನ ತಂದೆತಾಯಿಗಳಿಗೆ ಗೊತ್ತು. ಗಲ್ಫ್ ದೇಶಗಳ ಕಫಾಲಾ ಪದ್ಧತಿಯನ್ನು ನಾವು ಆಧುನಿಕ ಜೀತವೆಂದು ಬೈಯುತ್ತೇವೆ. ಸಂಬಳ, ಸೌಕರ್ಯ, ನ್ಯಾಯಾಲಯದ ರಕ್ಷಣೆಗಳಲ್ಲಿ ಅಜಗಜಾಂತರವಿದೆ, ಹೋಲಿಕೆಯನ್ನು ಎಳೆಯಬಾರದು. ಆದರೆ ಒಬ್ಬ ಮನುಷ್ಯ ಆ ನೆಲದಲ್ಲಿ ನಿಲ್ಲುವ ಹಕ್ಕು ಮಾಲೀಕನ ಸಹಿಯನ್ನು ಅವಲಂಬಿಸಿದೆ ಎಂಬಷ್ಟು ಮಟ್ಟಿಗೆ ಎರಡೂ ಒಂದೇ ಕುಲದವು.

ಗ್ರೀನ್ ಕಾರ್ಡಿನ ಸರದಿಯ ಕಥೆ ಬೇರೆಯೇ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸಿಗುವ ಸುಮಾರು 1,40,000 ಕಾರ್ಡುಗಳಲ್ಲಿ, ಹೆಂಡತಿ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದು, ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಎಚ್-1ಬಿ ಪಡೆಯುವವರಲ್ಲಿ ಹತ್ತರಲ್ಲಿ ಏಳು ಮಂದಿ ಭಾರತೀಯರು. ಹೀಗಾಗಿ 2025ರ ಅಕ್ಟೋಬರ್‌ನಲ್ಲಿ ಭಾರತೀಯರ ಎರಡನೆಯ ವರ್ಗದ ಸರದಿ ತಲುಪಿದ್ದು 2013ರ ಏಪ್ರಿಲ್‌ಗಿಂತ ಮೊದಲು ಹೆಸರು ನೋಂದಾಯಿಸಿದವರನ್ನು ಮಾತ್ರ. ಸರದಿ ಬರುವಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರು ತಂದೆಯ ಅರ್ಜಿಯಿಂದಲೇ ಹೊರಬೀಳುತ್ತಾರೆ. ದೇಶವಾರು ಮಿತಿ ತೆಗೆಯುವ ಮಸೂದೆಗೆ 2019ರಲ್ಲಿ ಪ್ರತಿನಿಧಿ ಸಭೆ 365-65 ಮತಗಳ ಒಪ್ಪಿಗೆ ಕೊಟ್ಟಿತು, 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಬೇರೆ ರೂಪಕ್ಕೆ ಒಪ್ಪಿತು. ಎರಡೂ ಒಂದಾಗದೆ ಸತ್ತವು. ಸರದಿ ಕರಗಿದರೆ ನೌಕರ ಸ್ವತಂತ್ರನಾಗುತ್ತಾನೆ, ಹೆಚ್ಚು ಸಂಬಳ ಕೇಳುತ್ತಾನೆ. ಇದು ಯಾರಿಗೆ ಅನುಕೂಲ, ಯಾರಿಗಲ್ಲ ಎಂಬುದನ್ನು ಓದುಗರೇ ಊಹಿಸಬಹುದು. ದೊಡ್ಡ ಕಂಪೆನಿಗಳು ಮಿತಿ ತೆಗೆಯಬೇಕೆಂದು ಬಹಿರಂಗವಾಗಿ ಹೇಳಿದ್ದೂ ಉಂಟು, ಅದನ್ನು ಮರೆಯುವಂತಿಲ್ಲ. ಆದರೆ ಹೇಳುವುದು ಬೇರೆ, ಅದಕ್ಕಾಗಿ ಹಟ ಹಿಡಿಯುವುದು ಬೇರೆ.

ಅಮೆರಿಕದ ನೌಕರನ ಸಿಟ್ಟನ್ನೂ ಅರ್ಥಮಾಡಿಕೊಳ್ಳಬೇಕು. 2014-15ರಲ್ಲಿ ಫ್ಲಾರಿಡಾದ ಡಿಸ್ನಿ ಸಂಸ್ಥೆ ಸುಮಾರು 250 ತಂತ್ರಜ್ಞರನ್ನು ಮನೆಗೆ ಕಳಿಸಿತು. ಹೊರಡುವ ಮುನ್ನ, ತಮ್ಮ ಜಾಗಕ್ಕೆ ಬಂದ ಭಾರತೀಯ ನೌಕರರಿಗೆ ಅವರಲ್ಲಿ ಹಲವರು ಕೆಲಸ ಕಲಿಸಿಕೊಡಬೇಕಾಯಿತು. ನಮ್ಮ ಕಂಪೆನಿಗಳೇನೂ ತೊಳೆದ ಮುತ್ತುಗಳಲ್ಲ. ಗೋಕುಲ ರಸ್ತೆಯ ಆವರಣದಿಂದಾಗಿ ಅವಳಿನಗರಕ್ಕೂ ಪರಿಚಿತವಾದ ಇನ್ಫೋಸಿಸ್, ಅಲ್ಪಾವಧಿಯ ವ್ಯಾಪಾರ ವೀಸಾದಲ್ಲಿ ನೌಕರರನ್ನು ಕಳಿಸಿದ ಆರೋಪದ ಪ್ರಕರಣವನ್ನು 2013ರ ಅಕ್ಟೋಬರ್‌ನಲ್ಲಿ 3.4 ಕೋಟಿ ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡಿತು. ವ್ಯವಸ್ಥಿತ ವೀಸಾ ವಂಚನೆಯ ಆರೋಪವನ್ನು ಅದು ನಿರಾಕರಿಸಿ, ದಾಖಲೆಪತ್ರಗಳ ಲೋಪವನ್ನಷ್ಟೇ ಒಪ್ಪಿಕೊಂಡಿತು. ಡಿಸ್ನಿಯ ತಂತ್ರಜ್ಞನಿಗೂ ಹುಬ್ಬಳ್ಳಿಯ ಎಂಜಿನಿಯರನಿಗೂ ಸಂಕಟ ತಂದದ್ದು ಒಂದೇ ಸೂತ್ರ: ನೌಕರ ಜಗ್ಗದಂತೆ ಕಟ್ಟಿಹಾಕಿದರೆ ಅಗ್ಗಕ್ಕೆ ಸಿಗುತ್ತಾನೆ. ಆದರೆ ಸಿಟ್ಟು ಹರಿದದ್ದು ಒಬ್ಬರ ಮೇಲೊಬ್ಬರಿಗೆ.

ಇನ್ನು ತೆರಿಗೆಯ ಮಾತು. ಎಚ್-1ಬಿ ನೌಕರ ಆದಾಯ ತೆರಿಗೆಯ ಜೊತೆಗೆ ಸಾಮಾಜಿಕ ಭದ್ರತಾ ವಂತಿಗೆಯನ್ನೂ ಕಟ್ಟುತ್ತಾನೆ. ಹತ್ತು ವರ್ಷ ದುಡಿಯದೆ ಹಿಂದಿರುಗಿದರೆ ಅದರ ಪಿಂಚಣಿಗೆ ಅವನು ಅರ್ಹನಲ್ಲ. ಮತದಾನದ ಹಕ್ಕಿಲ್ಲ, ಗ್ರೀನ್ ಕಾರ್ಡ್ ಇಲ್ಲದವನು ಚುನಾವಣಾ ದೇಣಿಗೆ ಕೊಡುವುದೂ ಅಪರಾಧ. ಹಣವೇ ಮಾತನಾಡುವ ವ್ಯವಸ್ಥೆಯಲ್ಲಿ ಅವನ ಹಣಕ್ಕೂ ಬಾಯಿಲ್ಲ. ತಾಯ್ನಾಡಿನಲ್ಲಾದರೂ ಬಾಯಿದೆಯೇ? 2010ರ ತಿದ್ದುಪಡಿ ಅನಿವಾಸಿ ಭಾರತೀಯರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಕೊಟ್ಟಿತು, ಆದರೆ ಮತಗಟ್ಟೆಗೆ ಖುದ್ದಾಗಿ ಬರಬೇಕು. ಪ್ರತಿನಿಧಿಯ ಮೂಲಕ ಮತ ಹಾಕುವ ಮಸೂದೆ 2018ರಲ್ಲಿ ಲೋಕಸಭೆಯ ಒಪ್ಪಿಗೆ ಪಡೆದು, 2019ರಲ್ಲಿ ಸದನದೊಂದಿಗೇ ಬಿದ್ದುಹೋಯಿತು. ಸನ್ಮಾನಕ್ಕೆ, ದೇಣಿಗೆಗೆ ನಮ್ಮ ನಾಯಕರು ಅಮೆರಿಕದ ಕನ್ನಡ ಕೂಟಗಳನ್ನು ನೆನೆಯುತ್ತಾರೆ. ಮತವಿಲ್ಲದವನ ಅಹವಾಲಿಗೆ ಅಷ್ಟು ಆತುರವಿಲ್ಲ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

2025ರ ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ತಪಾಸಣೆ ಕಡ್ಡಾಯವಾಯಿತು. ವೀಸಾ ಮುದ್ರೆಗಾಗಿ ಭಾರತಕ್ಕೆ ಬಂದಿದ್ದ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ ಅದೇ ವರ್ಷದ ಜನವರಿಯಲ್ಲಿ ಉದ್ಘಾಟನೆಯಾಗಿತ್ತಾದರೂ ವೀಸಾ ಸೇವೆ ಆರಂಭವಾಗಿರಲಿಲ್ಲ. ಕರ್ನಾಟಕದವರು ಚೆನ್ನೈ, ಹೈದರಾಬಾದುಗಳಿಗೇ ಎಡತಾಕಬೇಕಿತ್ತು. ಸರ್ಕಾರವನ್ನು ಟೀಕಿಸಿ ಎಂದೋ ಬರೆದ ನಾಲ್ಕು ಸಾಲು ಅಡ್ಡಬಂದೀತೆಂದು ಹಳೆಯ ಬರಹಗಳನ್ನು ಅಳಿಸಿಹಾಕಿದವರಿದ್ದಾರೆ. ವಾಕ್ ಸ್ವಾತಂತ್ರ್ಯದ ನಾಡಿಗೆ ಮರಳಲು ಬಾಯಿ ಮುಚ್ಚಿಕೊಳ್ಳುವ ಸ್ಥಿತಿ! ಅದೇ ತಿಂಗಳು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯ ಲಕ್ಷ ಡಾಲರ್ ಶುಲ್ಕವನ್ನು ಎತ್ತಿಹಿಡಿಯಿತು. ಶುಲ್ಕವನ್ನು ಪ್ರಶ್ನಿಸಿದ್ದು ಅಲ್ಲಿನ ವಾಣಿಜ್ಯ ಮಂಡಳಿ. ನ್ಯಾಯಾಲಯದಲ್ಲೂ ವಲಸಿಗನ ಪರ ನಿಂತದ್ದು ಮಾಲೀಕರ ಸಂಘವೇ ಎಂಬುದು ವಿಪರ್ಯಾಸ.

ದೆಹಲಿಗೆ ಮಾಡಬಹುದಾದ ಕೆಲಸವಿಲ್ಲವೆಂದಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವಾಗ, ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವ ಭಾರತೀಯ ನೌಕರರಿಗೆ ಮೂರು ವರ್ಷ ಸಾಮಾಜಿಕ ಭದ್ರತಾ ವಂತಿಗೆಯಿಂದ ವಿನಾಯಿತಿಯ ಒಪ್ಪಿಗೆಯನ್ನೂ ಭಾರತ ಪಡೆದುಕೊಂಡಿತು. ಅಮೆರಿಕದ ಜೊತೆ ಇಂಥ ಒಪ್ಪಂದದ ಬೇಡಿಕೆ ಬಹಳ ಹಳೆಯದು. ಸಪ್ತಾಪುರದ ಮೇಷ್ಟ್ರ ಮಗನಿಗೆ ಅದರ ಅಗತ್ಯವೂ ಈಗ ಉಳಿದಿಲ್ಲ, ಅವನ ಹತ್ತು ವರ್ಷ ಎಂದೋ ತುಂಬಿದೆ. ಆದರೆ ಡಿಸೆಂಬರ್‌ನಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬರುವವನಿದ್ದ, ಬರಲಿಲ್ಲ. ಬಂದರೆ ಮರಳಲು ವೀಸಾ ಮುದ್ರೆ ಬೇಕು. ಅದು ಎಂದು ಸಿಗುತ್ತದೆಂದು ಹೇಳುವವರಿರಲಿಲ್ಲ. ಆಸ್ಪತ್ರೆಗೆ ತಂದೆಯೇ ಆಟೋದಲ್ಲಿ ಕರೆದೊಯ್ದರು.